ಇರಾಕ್‌ನ ಕ್ಯಾಂಪಿನಲ್ಲಿ ಮಾವನ ದಿನಗಳು ಹೇಗಿದ್ದವು?

ಪ್ರಶ್ನೆ: ನನ್ನ ಸೋದರಮಾವ ಕುವೈತ್‌ನ ಒಂದು ಕ್ಯಾಟರಿಂಗ್ ಕಂಪನಿಯಲ್ಲಿ ಅಡುಗೆ ಕೆಲಸಕ್ಕಿದ್ದರು. 2004ರಲ್ಲಿ ಅಲ್ಲಿಂದಲೇ ಇರಾಕ್‌ಗೆ ಹೋಗಿ, ಅಮೆರಿಕನ್ ಸೈನ್ಯದ ಕ್ಯಾಂಪಿನ ಮೆಸ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದರು. ಈಗ ಊರಲ್ಲೇ ಇದ್ದಾರೆ. ಆ ದಿನಗಳ ಬಗ್ಗೆ ಕೇಳಿದರೆ ‘ಬಿಸಿಲು ಜಾಸ್ತಿ’ ಅಂದು ಎದ್ದು ಹೋಗುತ್ತಾರೆ. ಕಿವಿಯೂ ಸರಿಯಾಗಿ ಕೇಳುವುದಿಲ್ಲ. ಬಾಗ್ದಾದ್‌ನಲ್ಲಿ ವಿದೇಶಿ ಸಿಬ್ಬಂದಿ ಅರಮನೆಯಲ್ಲಿದ್ದರು, ಈಜುಕೊಳ ಇತ್ತು ಅಂತೆಲ್ಲ ಓದಿದ್ದೇನೆ. ನಿಜವಾಗಿ ಅಲ್ಲಿ ದಿನ ಹೇಗೆ ಕಳೆಯುತ್ತಿತ್ತು? ಕಿವಿಯ ತೊಂದರೆಗೆ ಈಗ ಏನಾದರೂ ಪರಿಹಾರ ಸಿಗುತ್ತದಾ?
– ಕುಂದಾಪುರದ ಓದುಗರು

ಉತ್ತರ: ಅರಮನೆ ಇದ್ದದ್ದು ನಿಜ, ಈಜುಕೊಳವೂ ನಿಜ. ಆದರೆ ನಿಮ್ಮ ಮಾವ ಅದರ ಹತ್ತಿರ ಹೋಗಿರುವುದು ಅನುಮಾನ. ಇರಾಕ್‌ಗೆ ಹೋದ ವಿದೇಶಿಯರೆಲ್ಲ ಒಂದೇ ಬದುಕು ಬದುಕಲಿಲ್ಲ. ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ, ಕೊರಳಲ್ಲಿ ಯಾವ ಬ್ಯಾಡ್ಜ್ ಇದೆ ಅನ್ನುವುದರ ಮೇಲೆ ಊಟ, ಹಾಸಿಗೆ, ಓಡಾಡುವ ಗಾಡಿ ಎಲ್ಲ ನಿಂತಿತ್ತು. ಸತ್ತರೆ ಅದು ಸುದ್ದಿಯಾಗುತ್ತದೋ ಇಲ್ಲವೋ ಅನ್ನುವುದೂ ಅದರ ಮೇಲೆಯೇ. ವಿದೇಶದಿಂದ ಗಾಯ, ಕಾಯಿಲೆ ಹೊತ್ತು ಬಂದ ಕಾರ್ಮಿಕರ ಅರ್ಜಿಗಳ ಕೆಲಸ ಮಾಡುವವನು ನಾನು. ಕಿವಿಯ ವಿಷಯವನ್ನು ಕೊನೆಯಲ್ಲಿ ಬಿಡಿಸಿ ಹೇಳಿದ್ದೇನೆ, ಅಲ್ಲಿವರೆಗೂ ದಯವಿಟ್ಟು ಓದಿ.

ಮೊದಲು ಅರಮನೆ. 2003ರ ಏಪ್ರಿಲ್ 9ರಂದು ಬಾಗ್ದಾದ್ ಅಮೆರಿಕದ ಕೈಸೇರಿತು. ಮೇ ತಿಂಗಳಲ್ಲಿ ಅಮೆರಿಕ ನೇಮಿಸಿದ ಪಾಲ್ ಬ್ರೆಮರ್ ಬಂದು ದೇಶದ ಆಡಳಿತ ವಹಿಸಿಕೊಂಡರು. ಅವರ ಆಡಳಿತ ಕಚೇರಿಯನ್ನು ಎಲ್ಲರೂ ಸಿಪಿಎ ಅನ್ನುತ್ತಿದ್ದರು. ಅದೇ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1483ನೇ ನಿರ್ಣಯದಲ್ಲಿ, ಅಮೆರಿಕ ಮತ್ತು ಬ್ರಿಟನ್ ಈ ದೇಶವನ್ನು ವಶಪಡಿಸಿಕೊಂಡಿರುವ ಶಕ್ತಿಗಳು ಎಂದು ಬರೆದೇ ಗುರುತಿಸಿತು. ಸಿಪಿಎ ಕೂತದ್ದು ಟೈಗ್ರಿಸ್ ನದಿ ತಿರುಗುವ ಕಡೆ ಇದ್ದ ಸದ್ದಾಂ ಹುಸೇನ್‌ರ ರಿಪಬ್ಲಿಕನ್ ಪ್ಯಾಲೇಸ್‌ನಲ್ಲಿ. ಅರಮನೆಯ ಛಾವಣಿ ಮೇಲೆ ಸದ್ದಾಂ ತಲೆಯ ನಾಲ್ಕು ದೊಡ್ಡ ಮೂರ್ತಿಗಳಿದ್ದವು. ಅವನ್ನು ಇಳಿಸಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಂದರೆ ತಿಂಗಳುಗಟ್ಟಲೆ ಸದ್ದಾಂ ತಲೆಯ ಕೆಳಗೇ ಹೊಸ ಆಡಳಿತ ನಡೆಯಿತು. ಸುತ್ತಲಿನ ಸುಮಾರು 10 ಚದರ ಕಿಲೋಮೀಟರ್ ಜಾಗಕ್ಕೆ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ಅದೇ ಗ್ರೀನ್ ಝೋನ್. ಆ ಗೋಡೆಯ ಆಚೆ ಇದ್ದ ಇಡೀ ಇರಾಕ್‌ಗೆ ಅವರು ಇಟ್ಟ ಹೆಸರು ರೆಡ್ ಝೋನ್.

ಗೋಡೆಯ ಒಳಗೆ ಜನರೇಟರ್ ಹಗಲೂ ರಾತ್ರಿ ಓಡುತ್ತಿತ್ತು, ಏಸಿ ತಣ್ಣಗೆ ಇರುತ್ತಿತ್ತು. ಹೊರಗೆ ಬಾಗ್ದಾದ್ ಜನಕ್ಕೆ ದಿನಕ್ಕೆ ಕೆಲವೇ ಗಂಟೆ ಕರೆಂಟು, ಅದೂ 45 ಡಿಗ್ರಿ ದಾಟುವ ಬೇಸಿಗೆಯಲ್ಲಿ. ಫೋನಿನ ಕಥೆ ಇನ್ನೂ ವಿಚಿತ್ರ. ಯುದ್ಧದಲ್ಲಿ ಬಾಗ್ದಾದ್‌ನ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ಹಾಳಾಗಿದ್ದವು. ಸಿಪಿಎ ಸಿಬ್ಬಂದಿಗೆ ಕೊಟ್ಟ ಮೊಬೈಲ್ ನಂಬರ್‌ಗಳು 914ರಿಂದ ಶುರುವಾಗುತ್ತಿದ್ದವು. ಅದು ನ್ಯೂಯಾರ್ಕ್ ರಾಜ್ಯದ ಏರಿಯಾ ಕೋಡ್. ಆ ಫೋನಿನಿಂದ ಅಮೆರಿಕದ ಮನೆಗೆ ಮಾತಾಡುವುದು ಸಲೀಸು. ನದಿ ಆಚೆ ಇರುವ ಇರಾಕಿ ಅಧಿಕಾರಿಯನ್ನು ಹಿಡಿಯುವುದೇ ಕಷ್ಟ. ಯಾರ ದೇಶವನ್ನು ಆಳಲು ಬಂದಿದ್ದರೋ ಅವರ ಜೊತೆ ಮಾತಾಡಲು ಸರಿಯಾದ ಲೈನೇ ಇರಲಿಲ್ಲ. ನನ್ನ ಮಟ್ಟಿಗೆ ಆ ಆಡಳಿತ ಹೇಗಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಲ್ಲಿಗೆ ಬಂದ ಸಿವಿಲಿಯನ್ ಸಿಬ್ಬಂದಿಯಲ್ಲಿ ಅರೇಬಿಕ್ ಬಲ್ಲವರು ಕಡಿಮೆ. ಮೂರು ತಿಂಗಳೋ ಆರು ತಿಂಗಳೋ ಇದ್ದು ಹೊರಡುವವರೇ ಜಾಸ್ತಿ. ಕೆಲಸ ಕಲಿಯುವ ಹೊತ್ತಿಗೆ ವಾಪಸ್ ಹೋಗುವ ದಿನ ಬಂದಿರುತ್ತಿತ್ತು. ಆದರೆ ಅವರು ಸೋಮಾರಿಗಳಾಗಿದ್ದರು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವಾರದ ಏಳೂ ದಿನ, ಬೆಳಗಿನಿಂದ ನಡುರಾತ್ರಿವರೆಗೆ ದುಡಿದವರು ಬೇಕಾದಷ್ಟು ಜನ ಇದ್ದರು. ಸಂಜೆ ಒಂದು ಗಂಟೆ ಅರಮನೆ ಹಿಂದಿನ ಈಜುಕೊಳದ ಹತ್ತಿರ ಕೂರುತ್ತಿದ್ದರು, ಅಷ್ಟೇ. ತೊಂದರೆ ಬೇರೆ ಕಡೆ ಇತ್ತು. ಹೊರಗೆ ಹೋಗಬೇಕಾದರೆ ಬಂದೂಕು ಹಿಡಿದವರು, ಕಡಿಮೆಯೆಂದರೂ ಎರಡು ಗಾಡಿ, ಗುಂಡು ತಡೆಯುವ ಜಾಕೆಟ್, ಮೊದಲೇ ಅನುಮತಿ ಎಲ್ಲ ಬೇಕಾಗಿತ್ತು. ಹೀಗಾದಾಗ ಜನ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಆಮೇಲೆ ಹೊರಗಿನ ಸುದ್ದಿ ಅವರಿಗೆ ಸಿಗುತ್ತಿದ್ದದ್ದು ಅನುವಾದಕರಿಂದ, ಇಲ್ಲವೇ ಟೀವಿಯಿಂದ.

ಮೊದಲ ಬೇಸಿಗೆಯಲ್ಲಿ ಕೆಲವರು ಬಾಗ್ದಾದ್ ಬೀದಿಯಲ್ಲಿ ಊಟ ಮಾಡಿ, ಅಂಗಡಿ ಸುತ್ತಿ ಬರುತ್ತಿದ್ದದ್ದೂ ಉಂಟು. ಅದನ್ನು ನಿಲ್ಲಿಸಿದ್ದು ಬಾಂಬುಗಳು. 2003ರ ಆಗಸ್ಟ್ 19ರಂದು ವಿಶ್ವಸಂಸ್ಥೆಯ ಕಚೇರಿಯಿದ್ದ ಕೆನಾಲ್ ಹೋಟೆಲ್‌ಗೆ ಟ್ರಕ್ ಬಾಂಬ್ ನುಗ್ಗಿತು. ಇರಾಕ್‌ನಲ್ಲಿದ್ದ ವಿಶ್ವಸಂಸ್ಥೆಯ ಮುಖ್ಯ ಪ್ರತಿನಿಧಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಜನ ಸತ್ತರು. ಅವರ ಕಚೇರಿ ಗ್ರೀನ್ ಝೋನ್‌ನ ಹೊರಗಿತ್ತು. ಜನರಿಗೆ ಹತ್ತಿರವಾಗಿರಬೇಕು ಅಂತ ಕಾವಲನ್ನೂ ಹಗುರವಾಗಿ ಇಟ್ಟುಕೊಂಡಿದ್ದರು. ಆ ಸಾವುಗಳ ಬಗ್ಗೆ ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಅಕ್ಟೋಬರ್ 26ರಂದು ಗ್ರೀನ್ ಝೋನ್‌ನ ಅಂಚಿನಲ್ಲಿದ್ದ ಅಲ್ ರಶೀದ್ ಹೋಟೆಲ್ ಮೇಲೆ ರಾಕೆಟ್ ಬಿದ್ದವು. ಅಮೆರಿಕದ ರಕ್ಷಣಾ ಉಪ ಕಾರ್ಯದರ್ಶಿ ಪಾಲ್ ವುಲ್ಫೋವಿಟ್ಜ್ ಆಗ ಅದೇ ಹೋಟೆಲ್‌ನಲ್ಲಿದ್ದರು. ಅವರು ಬದುಕಿದರು, ಒಬ್ಬ ಸೇನಾಧಿಕಾರಿ ಸತ್ತರು. ಮಾರನೇ ದಿನವೇ ರೆಡ್ ಕ್ರಾಸ್ ಕಚೇರಿ ಮೇಲೆ ದಾಳಿ. ಹೋಟೆಲ್‌ನಲ್ಲಿದ್ದ ಸಿಬ್ಬಂದಿ ಅರಮನೆಗೆ ಬಂದು ಸಾಲು ಮಂಚಗಳಲ್ಲಿ ಮಲಗಿದರು. ಆಮೇಲೆ ಅರಮನೆಯ ಹಿಂದೆ ಸಾಲು ಸಾಲು ಟ್ರೇಲರ್ ಮನೆಗಳು. ತೆಳು ತಗಡಿನ ಗೋಡೆ, ಸುತ್ತ ಮರಳಿನ ಚೀಲ. ರಾಕೆಟ್ ನೇರವಾಗಿ ಬಿದ್ದರೆ ಅವುಗಳಿಂದ ಏನೂ ಉಪಯೋಗ ಇರಲಿಲ್ಲ. 2008ರ ವಸಂತದಲ್ಲಿ ರಾಕೆಟ್‌ಗಳು ಹೆಚ್ಚಾದಾಗ ಟ್ರೇಲರ್‌ನಲ್ಲಿ ಮಲಗಬೇಡಿ, ಗಟ್ಟಿ ಕಟ್ಟಡದೊಳಗೇ ಮಲಗಿ ಅಂತ ಅಮೆರಿಕದ ರಾಯಭಾರ ಕಚೇರಿ ತನ್ನ ಸಿಬ್ಬಂದಿಗೆ ಆದೇಶ ಕೊಟ್ಟಿತು.

ಏರ್‌ಪೋರ್ಟ್ ರಸ್ತೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಗ್ರೀನ್ ಝೋನ್‌ನಿಂದ ವಿಮಾನ ನಿಲ್ದಾಣಕ್ಕೆ ಬರೀ ಹನ್ನೆರಡು ಕಿಲೋಮೀಟರ್ ಆಸುಪಾಸು. ಸೈನ್ಯ ಆ ರಸ್ತೆಯನ್ನು ರೂಟ್ ಐರಿಶ್ ಅನ್ನುತ್ತಿತ್ತು. ರಜೆಗೆ ಹೋಗುವವರಿಗೆ ಇಡೀ ಪ್ರಯಾಣದಲ್ಲಿ ಭಯ ಅಲ್ಲೇ. ಸಿಬ್ಬಂದಿಯನ್ನು ರಾತ್ರಿ ಹೊತ್ತು ರೈನೋ ಅನ್ನುವ ಉಕ್ಕಿನ ಬಸ್ಸಿನಲ್ಲಿ ಸಾಗಿಸುತ್ತಿದ್ದರು. ವಿಮಾನಗಳು ನಿಲ್ದಾಣದ ನೆತ್ತಿಯ ಮೇಲೆ ಬಂದು, ಸುರುಳಿ ಸುತ್ತುತ್ತಾ ಕಡಿದಾಗಿ ಇಳಿಯುತ್ತಿದ್ದವು. 2003ರ ನವೆಂಬರ್‌ನಲ್ಲಿ ಡಿಎಚ್‌ಎಲ್ ಸರಕು ವಿಮಾನದ ರೆಕ್ಕೆಗೆ ಕ್ಷಿಪಣಿ ಬಡಿದರೂ ಪೈಲಟ್‌ಗಳು ಅದನ್ನು ವಾಪಸ್ ತಂದು ಇಳಿಸಿದರು.

ಇನ್ನು ನಿಮ್ಮ ಮಾವನ ಕಡೆಗೆ ಬರುತ್ತೇನೆ.

ಅಮೆರಿಕದ ಸೈನ್ಯ ಆ ಹೊತ್ತಿಗೆ ಅಡುಗೆ, ಬಟ್ಟೆ ಒಗೆಯುವುದು, ಕಕ್ಕಸು ತೊಳೆಯುವುದು, ಕಸ ಎತ್ತುವುದು ಎಲ್ಲವನ್ನೂ ಗುತ್ತಿಗೆಗೆ ಬಿಟ್ಟಿತ್ತು. ದೊಡ್ಡ ಗುತ್ತಿಗೆ ಆಗ ಅಮೆರಿಕದ ಹ್ಯಾಲಿಬರ್ಟನ್ ಗುಂಪಿನಲ್ಲಿದ್ದ ಕೆಬಿಆರ್ ಅನ್ನುವ ಕಂಪನಿಯದು. ಅದು ಕುವೈತ್, ಸೌದಿ, ಜೋರ್ಡಾನ್ ಕಡೆಯ ಕಂಪನಿಗಳಿಗೆ ಒಳಗುತ್ತಿಗೆ ಕೊಡುತ್ತಿತ್ತು. ಅವರು ಏಜೆಂಟ್‌ಗಳ ಮೂಲಕ ಭಾರತ, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಫಿಲಿಪ್ಪೀನ್ಸ್‌ಗಳಿಂದ ಜನ ತರುತ್ತಿದ್ದರು. ಇವರಿಗೆ ಕ್ಯಾಂಪಿನಲ್ಲಿ ಇದ್ದ ಹೆಸರು ಟಿಸಿಎನ್. ಅಂದರೆ ಅಮೆರಿಕದವರೂ ಅಲ್ಲದ, ಇರಾಕಿನವರೂ ಅಲ್ಲದ ಮೂರನೇ ದೇಶದವರು. ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2008ರಲ್ಲಿ ಲೆಕ್ಕ ಹಾಕಿದಾಗ ಇರಾಕ್ ಯುದ್ಧದ ಕೆಲಸದಲ್ಲಿ ಸುಮಾರು 1,90,000 ಗುತ್ತಿಗೆ ನೌಕರರಿದ್ದರು. ಹೆಚ್ಚುಕಡಿಮೆ ಸೈನಿಕರಷ್ಟೇ ಸಂಖ್ಯೆ. ಅವರಲ್ಲಿ ಅಮೆರಿಕನ್ನರು ಐದರಲ್ಲಿ ಒಂದು ಪಾಲು ಮಾತ್ರ. ನಿಮ್ಮ ಮಾವನಂಥವರು ಐದರಲ್ಲಿ ಎರಡು ಪಾಲು. ಈಜುಕೊಳದ ಕಥೆ ಎಲ್ಲರಿಗೂ ಗೊತ್ತು, ಇಷ್ಟು ದೊಡ್ಡ ಪಾಲಿನ ಕಥೆ ಯಾರೂ ಕೇಳುವುದಿಲ್ಲ. ನೀವು ಕೇಳಿದ್ದು ನನಗೆ ನಿಜಕ್ಕೂ ಸಂತೋಷ.

ಕ್ಯಾಂಪ್ ಮೆಸ್ಸನ್ನು ಅಲ್ಲಿ ಡಿಫ್ಯಾಕ್ ಅನ್ನುತ್ತಾರೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಮತ್ತೆ ನಡುರಾತ್ರಿ ಹೀಗೆ ದಿನಕ್ಕೆ ನಾಲ್ಕು ಊಟ. ಸಾವಿರಾರು ತಟ್ಟೆ. ಅಡುಗೆಯವರಿಗೆ ಹನ್ನೆರಡು ಗಂಟೆಯ ಪಾಳಿ, ವಾರದ ರಜೆ ಅನ್ನುವುದು ಹೆಚ್ಚಿನ ಕಡೆ ಇರಲಿಲ್ಲ. ಮಾಂಸ, ಮೊಟ್ಟೆ, ಐಸ್‌ಕ್ರೀಮ್ ಎಲ್ಲ ಕುವೈತ್‌ನಿಂದ ಸಫ್ವಾನ್ ಗಡಿ ದಾಟಿ ಟ್ರಕ್ಕುಗಳಲ್ಲಿ ಬರಬೇಕು. ಆ ಟ್ರಕ್ಕುಗಳನ್ನು ಓಡಿಸುತ್ತಿದ್ದವರಲ್ಲೂ ನಮ್ಮವರಿದ್ದರು. ಕಾನ್ವಾಯ್‌ನ ಸೈನ್ಯದ ಗಾಡಿಗೆ ಕವಚ, ಹಿಂದಿನ ಟ್ರಕ್ಕಿನ ಡ್ರೈವರ್‌ಗೆ ಬರೀ ಗಾಜು. ರಸ್ತೆಯಲ್ಲಿ ಬಾಂಬ್ ಸಿಡಿದ ದಿನ ಮೆನು ಬದಲಾಗುತ್ತಿತ್ತು. ಇಂಥದ್ದು ಇವತ್ತು ಬಂದಿಲ್ಲ ಅಂದರೆ ದಾರಿಯಲ್ಲಿ ಏನೋ ಆಗಿದೆ ಅಂತ ಅಡುಗೆಮನೆಗೆ ಗೊತ್ತಾಗುತ್ತಿತ್ತು.

ಒಲೆಯ ಶಾಖ, ಹೊರಗಿನ ಶಾಖ ಎರಡೂ ಸೇರಿದ ಅಡುಗೆಮನೆ ಅದು. ನಿಮ್ಮ ಮಾವ ‘ಬಿಸಿಲು ಜಾಸ್ತಿ’ ಅಂದದ್ದು ಸುಮ್ನೆ ಮಾತು ತೇಲಿಸಲು ಅಂತ ಅಂದುಕೊಳ್ಳಬೇಡಿ, ಅದು ನಿಜವಾದ ಉತ್ತರ. ಇನ್ನೊಂದು ಕಷ್ಟ ಇತ್ತು. ಅರಮನೆಯ ಮೆಸ್‌ನಲ್ಲೂ ಕ್ಯಾಂಪ್‌ಗಳಲ್ಲೂ ಹಂದಿ ಮಾಂಸ ಬಡಿಸುತ್ತಿದ್ದರು. ಅಡುಗೆಯವರಲ್ಲಿ ಮುಸ್ಲಿಮರು ಎಷ್ಟೋ ಜನ. ಬೇಡ ಅನ್ನುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಇನ್ನು, ಎಷ್ಟೋ ಕ್ಯಾಂಪ್‌ಗಳಲ್ಲಿ ಅಷ್ಟೆಲ್ಲ ಬೇಯಿಸಿದವರು ಆ ಹಾಲ್‌ನಲ್ಲಿ ಕೂತು ಉಣ್ಣುವ ಹಾಗಿರಲಿಲ್ಲ. ಅವರಿಗೆ ಬೇರೆ ಜಾಗದಲ್ಲಿ ಅನ್ನ, ಬೇಳೆ ಸಾರು. ಅನ್ನ ಬೇಳೆಯ ಬಗ್ಗೆ ಯಾರ ದೂರೂ ಇರಲಿಲ್ಲ. ಆ ಬಾಗಿಲಿನಲ್ಲಿ ತಡೆದದ್ದನ್ನು ಮಾತ್ರ ವಾಪಸ್ ಬಂದವರು ಮರೆತಿಲ್ಲ.

ಮಲಗುವುದು ಒಂದೇ ಕಂಟೇನರ್‌ನಲ್ಲಿ ಹಲವರು, ಎರಡಂತಸ್ತಿನ ಮಂಚ. ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿ. ಇದು ಎಷ್ಟು ಹರಡಿತ್ತು ಅಂದರೆ 2006ರ ಏಪ್ರಿಲ್‌ನಲ್ಲಿ ಇರಾಕ್‌ನಲ್ಲಿದ್ದ ಅಮೆರಿಕ ನೇತೃತ್ವದ ಸೇನೆಯ ಮುಖ್ಯಸ್ಥ ಜನರಲ್ ಜಾರ್ಜ್ ಕೇಸಿ ಲಿಖಿತ ಆದೇಶ ಹೊರಡಿಸಬೇಕಾಯಿತು. ಕಾರ್ಮಿಕರ ಪಾಸ್‌ಪೋರ್ಟ್ ವಾಪಸ್ ಕೊಡಿ, ತಲೆಗೆ ಕನಿಷ್ಠ 50 ಚದರ ಅಡಿ ಜಾಗ ಕೊಡಿ ಅಂತ. ನಮ್ಮ ಕಡೆ ಒಂದು ಸಣ್ಣ ಬಚ್ಚಲು ಕೂಡ ಅದರ ಹತ್ತಿರ ಹತ್ತಿರ ಇರುತ್ತದೆ. ಅಷ್ಟೂ ಸಿಕ್ಕಿರಲಿಲ್ಲ ಅಂತಲೇ ಆದೇಶ ಬಂತು, ಅಲ್ವಾ?

ಮೆಸ್ ಅಂದರೆ ಸುರಕ್ಷಿತ ಜಾಗ ಅಂತ ಹೊರಗಿನವರಿಗೆ ಅನ್ನಿಸುತ್ತದೆ. 2004ರ ಡಿಸೆಂಬರ್ 21ರಂದು ಮೊಸುಲ್ ಹತ್ತಿರದ ಮಾರೆಜ್ ಕ್ಯಾಂಪಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಡೇರೆಯೊಳಗೇ ಆತ್ಮಾಹುತಿ ಬಾಂಬ್ ಸಿಡಿಯಿತು. 22 ಜನ ಸತ್ತರು, ಅವರಲ್ಲಿ 14 ಮಂದಿ ಅಮೆರಿಕದ ಸೈನಿಕರು. ಆಮೇಲೆ ಇರಾಕ್‌ನಲ್ಲಿದ್ದ ಪ್ರತಿ ಮೆಸ್‌ನ ಅಡುಗೆಯವರೂ ಸಾಲಿನಲ್ಲಿ ಬರುವ ಮುಖಗಳನ್ನು ನೋಡುವ ರೀತಿ ಬದಲಾಗಿರಬೇಕು. ಮಾರ್ಟರ್ ದಾಳಿ, ಅಂದರೆ ದೂರದಿಂದ ಹಾರಿಸಿದ ಶೆಲ್ ಬಂದು ಬೀಳುವುದು, ದಿನಚರಿಯ ಒಂದು ಭಾಗ. ಬಾಗ್ದಾದ್‌ನ ಉತ್ತರಕ್ಕಿದ್ದ ಬಲದ್ ಕ್ಯಾಂಪಿಗೆ ಸೈನಿಕರೇ ಮಾರ್ಟರಿಟವಿಲ್, ಅಂದರೆ ಮಾರ್ಟರ್ ಬೀಳುವ ಊರು ಅಂತ ಅಡ್ಡಹೆಸರು ಇಟ್ಟಿದ್ದರು. ಸೈರನ್ ಆದರೆ ಕಾಂಕ್ರೀಟ್ ಬಂಕರ್‌ಗೆ ಓಡಬೇಕು, ಆಲ್ ಕ್ಲಿಯರ್ ಕೇಳಿದ ಮೇಲೆ ವಾಪಸ್ ಬಂದು ಅರ್ಧ ಬೆಂದದ್ದನ್ನು ಪೂರ್ತಿ ಮಾಡಬೇಕು. 2005ರಿಂದ ದೊಡ್ಡ ಕ್ಯಾಂಪ್‌ಗಳಲ್ಲಿ ಸಿ-ರ‍್ಯಾಮ್ ಅನ್ನುವ ಬಂದೂಕು ಬಂತು. ಬರುವ ಶೆಲ್ ಅನ್ನು ಗಾಳಿಯಲ್ಲೇ ಹೊಡೆಯಲು ಅದು ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ ವೇಗದಲ್ಲಿ ಹಾರಿಸುತ್ತದೆ. ಪಕ್ಕದಲ್ಲಿ ಮಲಗಿದವರ ಕಿವಿಯ ಗತಿ ಯೋಚಿಸಿ. ಜೊತೆಗೆ ವರ್ಷಗಟ್ಟಲೆ ಜನರೇಟರ್ ಸದ್ದು. ಬಲದ್‌ನಲ್ಲಿ ಪ್ಲಾಸ್ಟಿಕ್ಕು, ಟೈರು, ಆಸ್ಪತ್ರೆಯ ಕಸ ಎಲ್ಲವನ್ನೂ ಬಯಲಿನಲ್ಲೇ ಗುಂಡಿಗೆ ಹಾಕಿ ಸುಡುತ್ತಿದ್ದರು. ಆ ಹೊಗೆ ಕುಡಿದ ಅಮೆರಿಕದ ಸೈನಿಕರಿಗೆ ಚಿಕಿತ್ಸೆ, ಪರಿಹಾರ ಕೊಡಲು 2022ರಲ್ಲಿ ಪ್ಯಾಕ್ಟ್ ಕಾಯ್ದೆ ಬಂತು. ಅದೇ ಹೊಗೆ ಕುಡಿದ ಟಿಸಿಎನ್‌ಗಳು ಆ ಕಾಯ್ದೆಯಲ್ಲಿ ಇಲ್ಲ.

ಇರಾಕಿ ಸಿಬ್ಬಂದಿಯನ್ನು ಬಿಟ್ಟರೆ ಈ ಉತ್ತರ ಅರ್ಧ. ಅನುವಾದಕರು, ಗುಮಾಸ್ತರು, ಕೂಲಿಯವರು ದಿನಾ ಬೆಳಗ್ಗೆ ಗ್ರೀನ್ ಝೋನ್ ಗೇಟಿನ ಮುಂದೆ ತಪಾಸಣೆಗೆ ಸಾಲು ನಿಲ್ಲುತ್ತಿದ್ದರು. ಅತ್ಯಂತ ಅಪಾಯದ ಜಾಗ ಆ ಸಾಲೇ. 2004ರ ಜನವರಿ 18ರಂದು ಅಸಾಸಿನ್ಸ್ ಗೇಟ್ ಅನ್ನುವ ಅಂಥದೇ ಒಂದು ಗೇಟಿನ ಹತ್ತಿರ ಬಾಂಬ್ ಸಿಡಿದು 20ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಇರಾಕಿಗಳು. ವಿದೇಶಿಯರು ಗೋಡೆಯೊಳಗೇ ಮಲಗುತ್ತಿದ್ದರು. ಇವರು ಸಂಜೆ ತಮ್ಮ ಬೀದಿಗೆ ವಾಪಸ್ ಹೋಗಬೇಕು. ಅಲ್ಲಿ ಇವರು ಯಾರಿಗೆ ಕೆಲಸ ಮಾಡುತ್ತಾರೆ ಅಂತ ಗೊತ್ತಾದರೆ ಮನೆಮಂದಿಗೆಲ್ಲ ಅಪಾಯ.

ಮಾವ ಯಾಕೆ ಮಾತಾಡುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ನನಗೆ ತೋಚುತ್ತದೆ. ಅವರು ಹೋದ ವರ್ಷವನ್ನು ನೋಡಿ. 2004ರ ಜುಲೈನಲ್ಲಿ ಕುವೈತ್‌ನ ಸಾರಿಗೆ ಕಂಪನಿಯೊಂದರ ಏಳು ಟ್ರಕ್ ಡ್ರೈವರ್‌ಗಳನ್ನು ಇರಾಕ್‌ನಲ್ಲಿ ಅಪಹರಿಸಿದರು. ಮೂವರು ಭಾರತೀಯರು, ಮೂವರು ಕೀನ್ಯಾದವರು, ಒಬ್ಬರು ಈಜಿಪ್ಟಿನವರು. ವಾರಗಟ್ಟಲೆ ನಮ್ಮ ಟೀವಿಗಳಲ್ಲಿ ಅದೇ ಸುದ್ದಿ. ಸೆಪ್ಟೆಂಬರ್ 1ರಂದು ಅವರು ಬಿಡುಗಡೆಯಾದರು. ಅದರ ಹಿಂದಿನ ದಿನ ಹನ್ನೆರಡು ನೇಪಾಳಿ ಕಾರ್ಮಿಕರ ಕೊಲೆಯ ಸುದ್ದಿ ಬಂದಿತ್ತು. ಜೋರ್ಡಾನ್‌ನಲ್ಲಿ ಕೆಲಸ ಅಂತ ಏಜೆಂಟ್ ಹೇಳಿ ಕಳಿಸಿದ ಹುಡುಗರು ಅವರು. ಕಠ್ಮಂಡುವಿನಲ್ಲಿ ಗಲಭೆಯೇ ಆಯಿತು. ಭಾರತ ಸರ್ಕಾರ ಆ ವರ್ಷ ಇರಾಕ್‌ಗೆ ಕೆಲಸಕ್ಕೆ ಹೋಗುವುದನ್ನು ನಿಷೇಧಿಸಿತು. ಆದರೂ ಕುವೈತ್, ಜೋರ್ಡಾನ್ ದಾರಿಯಲ್ಲಿ ಜನ ಹೋಗುತ್ತಲೇ ಇದ್ದರು. ಹಾಗೆ ಹೋದವರು ಮನೆಗೆ ಕುವೈತ್‌ನಲ್ಲೇ ಇದ್ದೇನೆ ಅಂತ ಹೇಳಿದ್ದು ಸಾಮಾನ್ಯ. ಹಿನ್ನೆಲೆಯಲ್ಲಿ ಸೈರನ್ ಕೇಳಿಸಿದರೆ ಫೋನ್ ಇಡುತ್ತಿದ್ದರು. ಏಜೆಂಟ್‌ಗೆ ಕೊಟ್ಟ ಸಾಲ ತೀರಬೇಕಿತ್ತು, ತಿಂಗಳಿಗೆ ಕೆಲವು ನೂರು ಡಾಲರ್ ಸಂಬಳ ಬರುತ್ತಿತ್ತು. ವಾಪಸ್ ಬಂದ ಮೇಲೆ ಇದನ್ನೆಲ್ಲ ಹೇಳಿದರೆ ಏನಾದರೂ ಕೇಸ್ ಆಗುತ್ತದಾ ಅನ್ನುವ ಹೆದರಿಕೆ ಎಷ್ಟೋ ಜನರಲ್ಲಿ ಇನ್ನೂ ಇದೆ. ಆದ್ದರಿಂದ ಅವರನ್ನು ಕೂರಿಸಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳಬೇಡಿ. ಅಡುಗೆಯ ಬಗ್ಗೆ ಕೇಳಿ. ಯಾವ ಪಾಳಿ, ಎಷ್ಟು ಜನಕ್ಕೆ ಬೇಯಿಸುತ್ತಿದ್ದಿರಿ, ಜೊತೆಯಲ್ಲಿ ಯಾವ ಊರಿನವರಿದ್ದರು ಅಂತ. ನನ್ನ ಅನುಭವದಲ್ಲಿ ಮಾತು ಅಲ್ಲಿಂದ ಶುರುವಾಗುತ್ತದೆ.

ಈಗ ಕಿವಿ. ಅಮೆರಿಕದಲ್ಲಿ 1941ರಿಂದ ಡಿಫೆನ್ಸ್ ಬೇಸ್ ಆಕ್ಟ್ ಅನ್ನುವ ಕಾನೂನಿದೆ. ಅಮೆರಿಕ ಸರ್ಕಾರದ ಗುತ್ತಿಗೆಯಲ್ಲಿ ಹೊರದೇಶದ ಸೇನಾ ನೆಲೆಯಲ್ಲಿ ಕೆಲಸ ಮಾಡಿಸುವ ಕಂಪನಿ, ಒಳಗುತ್ತಿಗೆ ಕಂಪನಿಯೂ ಸೇರಿ, ತನ್ನ ಎಲ್ಲ ನೌಕರರಿಗೆ ವಿಮೆ ಮಾಡಿಸಲೇಬೇಕು. ನೌಕರ ಯಾವ ದೇಶದವನಾದರೂ ಸರಿ. ನಿಮ್ಮ ಮಾವ ಇದರೊಳಗೆ ಬರುವ ಸಾಧ್ಯತೆ ಹೆಚ್ಚು. ಇದು ದಾನವಲ್ಲ, ಅವರ ಹಕ್ಕು. ದುಃಖದ ವಿಷಯ ಅಂದರೆ ನಮ್ಮ ಕಡೆಯ ಕಾರ್ಮಿಕರಿಗೆ ಈ ಕಾನೂನಿನ ಹೆಸರೇ ಗೊತ್ತಿಲ್ಲ. ಕಂಪನಿಗಳೂ ಹೇಳುವುದಿಲ್ಲ.

ಸಾಮಾನ್ಯವಾಗಿ ಗಾಯವಾದ 30 ದಿನದಲ್ಲಿ ಕಂಪನಿಗೆ ತಿಳಿಸಬೇಕು, ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹಾಗಾದರೆ ಇಷ್ಟು ವರ್ಷದ ಮೇಲೆ ಏನು ಪ್ರಯೋಜನ ಅಂತ ನೀವು ಕೇಳಬಹುದು. ಕಿವಿಯ ವಿಷಯದಲ್ಲಿ ನಿಯಮ ಬೇರೆ. ಕಿವಿ ಮಂದವಾಗಿದೆ ಎಂದು ತೋರಿಸುವ ಆಡಿಯೋಗ್ರಾಮ್ (ಕಿವಿಯ ಪರೀಕ್ಷೆಯ ನಕ್ಷೆ) ಮತ್ತು ಅದರ ವರದಿ ನೌಕರನ ಕೈಗೆ ಬರುವವರೆಗೆ ಆ ಗಡುವು ಶುರುವಾಗುವುದೇ ಇಲ್ಲ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಒಂದೇ: ಮಾವ ಈ ಹಿಂದೆ ಎಲ್ಲಾದರೂ ಆಡಿಯೋಗ್ರಾಮ್ ಮಾಡಿಸಿ ವರದಿ ಪಡೆದಿದ್ದಾರಾ? ಪಡೆದಿದ್ದರೆ ಯಾವ ತಾರೀಖು? ಪಡೆದಿಲ್ಲವಾದರೆ ಅವಸರದಲ್ಲಿ ಮಾಡಿಸಿ ಕಪಾಟಿನಲ್ಲಿ ಇಡಬೇಡಿ, ವರದಿ ಬಂದ ದಿನದಿಂದ ಗಡುವು ಓಡಲು ಶುರುವಾಗುತ್ತದೆ. ಕಾಗದಗಳನ್ನು ಮೊದಲು ಸಿದ್ಧ ಮಾಡಿಕೊಂಡು ಆಮೇಲೆ ಪರೀಕ್ಷೆಗೆ ಹೋಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಜಾಗದಲ್ಲಿ, ಅರ್ಹ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಸಹಿ ಇರುವ ವರದಿ ಪಡೆಯಿರಿ.

ಯಾವ ಕಾಗದ ಅಂದರೆ, ಹಳೆಯ ಪಾಸ್‌ಪೋರ್ಟ್, ಕ್ಯಾಂಪಿನ ಬ್ಯಾಡ್ಜ್ ಅಥವಾ ಅದರ ಫೋಟೋ, ಕೆಲಸದ ಒಪ್ಪಂದ, ಸಂಬಳದ ಚೀಟಿ, ಬ್ಯಾಂಕಿಗೆ ಹಣ ಬಂದ ದಾಖಲೆ, ಮೆಸ್‌ನಲ್ಲಿ ತೆಗೆಸಿಕೊಂಡ ಫೋಟೋಗಳು. ಬ್ಯಾಡ್ಜ್ ಮೇಲೆ ಸಾಮಾನ್ಯವಾಗಿ ಕಂಪನಿಯ ಹೆಸರಿರುತ್ತದೆ, ಅದು ಬಹಳ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಕೆಲಸ ಮಾಡಿದ ಒಬ್ಬಿಬ್ಬರ ಹೇಳಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಅರ್ಜಿ ಹೋಗಬೇಕಾದದ್ದು ಅಮೆರಿಕದ ಕಾರ್ಮಿಕ ಇಲಾಖೆಗೆ, ನಮೂನೆಯ ಹೆಸರು ಎಲ್‌ಎಸ್-203. ಎರಡೂ ಕಿವಿ ಪೂರ್ತಿ ಹೋದರೆ 200 ವಾರ, ಒಂದು ಕಿವಿಗೆ 52 ವಾರದ ಪರಿಹಾರ, ವಾರದ ಸಂಬಳದ ಮೂರರಲ್ಲಿ ಎರಡು ಪಾಲಿನ ಲೆಕ್ಕದಲ್ಲಿ. ಭಾಗಶಃ ನಷ್ಟವಾದರೆ ಅದರ ಪ್ರಮಾಣಕ್ಕೆ ತಕ್ಕಷ್ಟು. ಮಾವನ ಸಂಬಳ ಕಡಿಮೆ ಇದ್ದದ್ದರಿಂದ ಮೊತ್ತವೂ ದೊಡ್ಡದಿರುವುದಿಲ್ಲ. ಆದರೂ ಹಾಕಿ ಅಂತಲೇ ನಾನು ಹೇಳುತ್ತೇನೆ.

ವಕೀಲರ ಬಗ್ಗೆ ಎಚ್ಚರ. ಈ ಕಾನೂನಿನಲ್ಲಿ ವಕೀಲರ ಶುಲ್ಕಕ್ಕೆ ಇಲಾಖೆಯ ಅಥವಾ ನ್ಯಾಯಾಧೀಶರ ಒಪ್ಪಿಗೆ ಬೇಕು. ಗೆದ್ದ ಅರ್ಜಿಗಳಲ್ಲಿ ಹೆಚ್ಚಾಗಿ ಅದನ್ನು ಕಂಪನಿ ಅಥವಾ ವಿಮೆಯವರೇ ಕೊಡುತ್ತಾರೆ. ಮೊದಲೇ ಇಷ್ಟು ಸಾವಿರ ಕೊಡಿ, ನಾನು ಅಮೆರಿಕದಿಂದ ಹಣ ತರಿಸುತ್ತೇನೆ ಅಂತ ಯಾರಾದರೂ ಬಂದರೆ ಒಂದು ಪೈಸೆಯನ್ನೂ ಕೊಡಬೇಡಿ. ಮಾವನ ಬ್ಯಾಡ್ಜ್ ಮತ್ತು ಪಾಸ್‌ಪೋರ್ಟ್‌ನ ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡದೆ, ನಕಲು ಮಾತ್ರ ಕೊಡಿ.